ಬ್ರೇಕ್ ಮೇಷ್ಟ್ರ ಚಿನ್ನದಂಥ ರಕ್ತ

ತಾನು ದೊಡ್ಡದೇನನ್ನೋ ಕಂಡುಹಿಡಿದುಬಿಟ್ಟಿದ್ದೇನೆ ಎಂಬ ನಂಬಿಕೆಯಲ್ಲಿ ಮೇಡಂ ಒಂದಿಡೀ ಬೇಸಿಗೆ ನೆಲದಿಂದ ಒಂದು ಗೇಣು ಮೇಲೆಯೇ ಓಡಾಡಿಕೊಂಡಿದ್ದಳು. ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಕರೆಯುವುದು ಮೇಡಂ ಅಂತ. ನಾವೂ ಹಾಗೇ ಕರೆಯೋಣ. ಎಚ್‌ಐವಿ ವೈರಸ್ಸಿನ ಬೆನ್ನು ಹತ್ತಿ ತಲೆಕೂದಲು ನೆರೆಸಿಕೊಂಡವಳು. ಅಷ್ಟೂ ವರ್ಷ ಅವಳನ್ನು ಯಾರೂ ಕ್ಯಾರೇ ಅಂದಿರಲಿಲ್ಲ. ಈಗ ಕಾರಿಡಾರಿನಲ್ಲಿ ಎದುರಾದವರು ನಿಂತು ಮಾತಾಡಿಸುತ್ತಿದ್ದರು, ಮೀಟಿಂಗಿನಲ್ಲಿ ದೊಡ್ಡ ಸಾಹೇಬರು ತಮ್ಮ ಪಕ್ಕದ ಕುರ್ಚಿ ತೋರಿಸುತ್ತಿದ್ದರು. ತಲೆಗೆ ಸಣ್ಣದಾಗಿ ಕೊಂಬು ಮೂಡಿತ್ತು. ಯಾರಿಗೆ ತಾನೇ ಮೂಡುವುದಿಲ್ಲ ಹೇಳಿ.

ಇಷ್ಟಕ್ಕೆಲ್ಲ ಕಾರಣ ಒಬ್ಬ ಮನುಷ್ಯನ ರಕ್ತ. ಅದು ಅರ್ಥವಾಗಬೇಕಾದರೆ ಅವಳ ಕೆಲಸ ಸ್ವಲ್ಪ ಗೊತ್ತಿರಬೇಕು. ಎಚ್‌ಐವಿಯ ಮೈಮೇಲೆ ಪ್ರೊಟೀನಿನ ಮುಳ್ಳುಗಳಿರುತ್ತವೆ. ಆ ಮುಳ್ಳೇ ಅದರ ಕೈ. ಮುಳ್ಳಿನ ಒಂದು ಭಾಗ ನಮ್ಮ ಜೀವಕೋಶದ ಹಿಡಿಕೆಯನ್ನು ಹಿಡಿಯುತ್ತದೆ. ಹಿಡಿದದ್ದೇ ತಡ, ತುದಿಯಲ್ಲಿ ಮುಚ್ಚಿಕೊಂಡಿದ್ದ ಕುಣಿಕೆಗಳು ಪಕ್ಕಕ್ಕೆ ಸರಿದು, ಕೆಳಗೆ ಅಡಗಿದ್ದ ಮತ್ತೊಂದು ಕುಣಿಕೆ ಹೊರಬಂದು ಎರಡನೇ ಹಿಡಿಕೆಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಬುಡದ ಭಾಗ ಮಡಚಿಕೊಂಡು ವೈರಸ್ಸನ್ನೂ ಕೋಶವನ್ನೂ ಒಂದಕ್ಕೊಂದು ಎಳೆದು ಬೆಸೆದುಬಿಡುತ್ತದೆ. ಅಲ್ಲಿಗೆ ಅದು ಒಳಗೆ. ನಮ್ಮ ರಕ್ತದಲ್ಲಿರುವ ಪ್ರತಿಕಾಯಗಳು ಈ ಮುಳ್ಳನ್ನು ಸರಿಯಾದ ಜಾಗದಲ್ಲಿ ಕಚ್ಚಿ ಹಿಡಿದರೆ ವೈರಸ್ಸಿನ ಆಟ ನಡೆಯುವುದಿಲ್ಲ. ಆದರೆ ಅದೇನು ಸಾಮಾನ್ಯದ ಕಿಲಾಡಿಯೇ! ಮುಳ್ಳಿಗೆಲ್ಲ ಸಕ್ಕರೆ ಮೆತ್ತಿಕೊಂಡು, ಕುಣಿಕೆಗಳ ಆಕಾರ ಬದಲಾಯಿಸುತ್ತಾ, ಬೇಕಾದ ಜಾಗಗಳನ್ನೆಲ್ಲ ಮುಚ್ಚಿಟ್ಟುಕೊಂಡಿರುತ್ತದೆ.

ಮೇಡಂ ಮಾಡುತ್ತಿದ್ದುದು ಈ ಮುಳ್ಳಿನ ದರ್ಜಿ ಕೆಲಸ. ಬೇಗ ಸಿಕ್ಕಿಬೀಳುವ ವೈರಸ್ಸಿನ ಒಂದು ಕುಣಿಕೆಯನ್ನು ತೆಗೆದು ಹಠಮಾರಿ ವೈರಸ್ಸಿನ ಮುಳ್ಳಿಗೆ ಹೊಲಿಯುವುದು, ಅದರದ್ದನ್ನು ಇದಕ್ಕೆ ಹೊಲಿಯುವುದು. ಹಾಗೆ ಹೊಲಿದ ನಕಲಿ ವೈರಸ್ಸು ಕೋಶದೊಳಗೆ ಒಂದು ಸಲ ಹೋಗಬಲ್ಲದು, ಆದರೆ ಮರಿ ಹಾಕಲಾರದು. ಅದನ್ನು ರೋಗಿಯ ರಕ್ತದ ತಿಳಿಯ ಜೊತೆ ಬೆರೆಸಿ, ಸಣ್ಣ ಗುಳಿಗಳಿರುವ ಪ್ಲೇಟಿನಲ್ಲಿ ಕೋಶಗಳ ಮೇಲೆ ಹಾಕುತ್ತಾರೆ. ವೈರಸ್ಸು ಒಳಹೊಕ್ಕ ಕೋಶ ಬೆಳಗುತ್ತದೆ. ಬೆಳಕು ಕಂಡರೆ ರಕ್ತ ಸೋತಿತು, ಕತ್ತಲಾದರೆ ಗೆದ್ದಿತು. ಯಾವ ಭಾಗ ಬದಲಾಯಿಸಿದಾಗ ಗೆಲುವು ಸೋಲಾಗುತ್ತದೋ, ಪ್ರತಿಕಾಯ ಹಿಡಿಯುವ ಜಾಗ ಅದೇ ಅಂತ ಲೆಕ್ಕ.

ಈ ಮನುಷ್ಯನ ರಕ್ತ ಎಲ್ಲ ಗುಳಿಗಳನ್ನೂ ಕತ್ತಲು ಮಾಡಿತ್ತು. ಮೇಲಿನ ಕುಣಿಕೆ ಬದಲಾಯಿಸಿದರೂ ಕತ್ತಲು, ಒಳಗಿನದನ್ನು ಬದಲಾಯಿಸಿದರೂ ಕತ್ತಲು, ಬುಡ ಬದಲಾಯಿಸಿದರೂ ಅದೇ. ಅದೂ ಅಲ್ಲದೆ, ಈತ ಲ್ಯಾಬಿನ ಕೆಳಮಹಡಿಯ ಕ್ಲಿನಿಕ್ಕಿಗೆ ಬರುತ್ತಿದ್ದ, ಮಾತ್ರೆಯಿಲ್ಲದೆಯೇ ವೈರಸ್ಸನ್ನು ಅದುಮಿಟ್ಟುಕೊಂಡ ಅಪರೂಪದವರ ಗುಂಪಿಗೆ ಸೇರಿದವನು. ಇದುವರೆಗೆ ಯಾರೂ ಕಾಣದ, ಎಲ್ಲ ಮುಳ್ಳುಗಳಲ್ಲೂ ಇರುವ ಒಂದು ಗುಟ್ಟಿನ ಜಾಗವನ್ನು ಈ ರಕ್ತ ಹಿಡಿಯುತ್ತಿದೆ ಅಂತ ಮೇಡಂ ತೀರ್ಮಾನಿಸಿಬಿಟ್ಟಳು.

ಒಂದೇ ಒಂದು ಕಿರಿಕಿರಿಯಿತ್ತು. ಇಂಥ ಪ್ಲೇಟಿನಲ್ಲಿ ಕಾವಲಿಗೆಂದು ಒಂದು ಸಾಲು ಬಿಡಬೇಕು. ಆ ಸಾಲಿಗೆ ಹಾಕುವ ವೈರಸ್ಸಿನ ಒಳಗೆಲ್ಲ ಎಚ್‌ಐವಿಯೇ, ಹೊರಗೆ ಮಾತ್ರ ದನಗಳಿಗೆ ಬರುವ ಬೇರೊಂದು ವೈರಸ್ಸಿನ ಹೊದಿಕೆ. ಲ್ಯಾಬಿನವರು ಅದಕ್ಕೆ ದನದ ಕೋಟು ಅನ್ನುತ್ತಿದ್ದರು. ಎಚ್‌ಐವಿಯ ಮುಳ್ಳೇ ಅದರ ಮೇಲಿಲ್ಲವಲ್ಲ, ಮುಳ್ಳು ಹಿಡಿಯುವ ಪ್ರತಿಕಾಯ ಅದನ್ನು ಮುಟ್ಟಬಾರದು. ಆ ಸಾಲು ಜಗ್ಗನೆ ಬೆಳಗಬೇಕು. ಮೇಡಂ ಒಂದು ಸಲ ಹಾಕಿ ನೋಡಿದಾಗ ಆ ಸಾಲೂ ಮಂಕಾಗಿಯೇ ಇತ್ತು. ‘ಅಯ್ಯೋ, ಈ ಸ್ಟಾಕು ಹಳೇದಾಗಿದೆ’ ಅಂತ ಅದನ್ನು ಚೆಲ್ಲಿದಳು. ಹೊಸದು ಮಾಡಿಕೊಳ್ಳೋಣ ಅಂದುಕೊಂಡಳು, ಮಾಡಲಿಲ್ಲ. ಹೊಸದಾಗಿ ಹೊಲಿದ ಮುಳ್ಳುಗಳಿಗೆ ಪ್ಲೇಟಿನಲ್ಲಿ ಜಾಗ ಸಾಲದೆ ಬಂದಾಗ ಆ ಸಾಲನ್ನೂ ಅವಕ್ಕೇ ಕೊಟ್ಟುಬಿಟ್ಟಳು. ಈ ಕೆಲಸ ಮಾಡುವ ಯಾರನ್ನು ಕೇಳಿದರೂ ಹೇಳುತ್ತಾರೆ, ಕಾವಲು ಸಾಲನ್ನು ಬಿಟ್ಟುಬಿಡುವ ಇಂಥ ಆಸೆ ಎಲ್ಲರಿಗೂ ಒಂದಲ್ಲ ಒಂದು ದಿನ ಬಂದಿರುತ್ತದೆ ಅಂತ.

ಇಷ್ಟೇ ಆಗಿದ್ದರೆ ಲ್ಯಾಬಿನ ತಪ್ಪು ಲ್ಯಾಬಿನಲ್ಲೇ ಉಳಿಯುತ್ತಿತ್ತು. ರಕ್ತ ಕೊಟ್ಟವರನ್ನು ಲ್ಯಾಬಿನವರು ಭೇಟಿ ಮಾಡಕೂಡದು ಎಂಬ ನಿಯಮ ಅಲ್ಲಿತ್ತು. ಆದರೆ ಆ ಮನುಷ್ಯನೇ ಒಂದು ಮಧ್ಯಾಹ್ನ ಕ್ಲಿನಿಕ್ಕಿನಿಂದ ಮೆಟ್ಟಿಲು ಹತ್ತಿ ಬಂದು, ಗಾಜಿನ ಬಾಗಿಲಿಗೆ ಮೂಗು ಒತ್ತಿ ನಿಂತ. ಡ್ರೈವಿಂಗ್ ಕಲಿಸುವವನು. ಪಾಠ ಹೇಳುವಾಗ ಇಡೀ ರಸ್ತೆಗೆ ಕೇಳುವಂತೆ ‘ಬ್ರೇಕ್! ಬ್ರೇಕ್!’ ಅಂತ ಕೂಗುತ್ತಿದ್ದುದರಿಂದ ಊರಿಗೆಲ್ಲ ಬ್ರೇಕ್ ಮೇಷ್ಟ್ರು.

“ನನ್ನ ರಕ್ತ ನೋಡೋರು ನೀವೇನಾ ಮೇಡಂ?” ಅಂದ. “ಮನೇಲಿ ನನ್ನ ರಕ್ತ ಅಂದ್ರೆ ಮೂರು ಮಾರು ದೂರ ಓಡ್ತಾರೆ. ನೀವು ಫ್ರಿಜ್ಜಲ್ಲಿಟ್ಟು ಕಾಪಾಡ್ತೀರಂತೆ? ಯಾಕೆ, ಏನಿದೆ ಅದ್ರಲ್ಲಿ?”

ಕೆಳಗೆ ಹೋಗಿ ಡಾಕ್ಟರನ್ನು ಕೇಳಿ ಅಂತ ಹೇಳಿ ಕಳಿಸಬೇಕಿತ್ತು. ಮೇಡಂ ಬಾಗಿಲು ತೆರೆದಳು. ಎದುರಿಗೊಬ್ಬ ಬಾಯಿ ಬಿಟ್ಟುಕೊಂಡು ಕೇಳುವವನು ಸಿಕ್ಕಿದ್ದ. ಕೈಯಾಡಿಸಿ ಮುಳ್ಳು, ಕುಣಿಕೆ, ಹಿಡಿಕೆ ಎಲ್ಲ ವಿವರಿಸಿದಳು. ಕೊನೆಗೆ ಆ ಮಾತನ್ನೂ ಅಂದುಬಿಟ್ಟಳು. “ನಿಮ್ದು ಚಿನ್ನದಂಥ ರಕ್ತ ಕಣ್ರೀ. ಇದ್ರ ಮುಂದೆ ಯಾವ ವೈರಸ್ಸಿನ ಬೇಳೇನೂ ಬೇಯಲ್ಲ.”

ಮೇಷ್ಟ್ರ ಮುಖ ಇಷ್ಟಗಲವಾಯಿತು. ತಕ್ಷಣ ಕಣ್ಣು ತುಂಬಿಕೊಂಡು, “ಈ ಮಾತನ್ನ ನಮ್ಮ ಅತ್ತಿಗೆ ಮುಂದೆ ಒಂದ್ಸಲ ಹೇಳಿ ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ” ಅಂದ.

ಅವನಿದ್ದುದು ಅಣ್ಣನ ಮನೆಯಲ್ಲಿ, ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿ. ಕಾಯಿಲೆಯ ವಿಷಯ ಗೊತ್ತಾದಂದಿನಿಂದ ಅತ್ತಿಗೆ ಊಟದ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಕೆಳಗಿಳಿದುಬಿಡುತ್ತಿದ್ದಳು. ಅವಳು ಕೆಟ್ಟ ಹೆಂಗಸೇನಲ್ಲ. ತಟ್ಟೆ ತುಂಬ ಬಡಿಸುತ್ತಿದ್ದಳು, ಬಿಸಿಬಿಸಿಯಾಗಿಯೇ ಇಡುತ್ತಿದ್ದಳು. ಭಯ, ಅಷ್ಟೇ. ಮನೆಯಲ್ಲಿ ಪಾಪು ಹುಟ್ಟಿದ ಮೇಲಂತೂ ಮೈದುನ ಕೆಳಗಿಳಿದರೆ ಮಗುವನ್ನೆತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಮಗುವನ್ನು ಅವನು ಮೆಟ್ಟಿಲ ಮೇಲಿಂದಲೇ ನಗಿಸಬೇಕಾಗಿತ್ತು.

ಮೇಡಂ ಹೋದಳು. ಒಳ್ಳೆಯ ಸೀರೆ ಉಟ್ಟುಕೊಂಡೇ ಹೋದಳು. ಅಣ್ಣ, ಅತ್ತಿಗೆ ಇಬ್ಬರನ್ನೂ ಕೂರಿಸಿಕೊಂಡು, ಚಹಾ ಆರುವವರೆಗೂ ಆ ರಕ್ತವನ್ನು ಹೊಗಳಿ ಅಟ್ಟಕ್ಕೇರಿಸಿದಳು. ಅತ್ತಿಗೆ ಸೆರಗಿನ ತುದಿ ಹಿಸುಕುತ್ತಾ ಕೇಳಿದ್ದು ಒಂದೇ ಪ್ರಶ್ನೆ. “ಹಂಗಾದ್ರೆ ಇವ್ರು ಪಾಪುನ ಎತ್ಕೊಂಡ್ರೆ ಏನೂ ಆಗಲ್ವಾ?”

“ಇವ್ರ ರಕ್ತದಲ್ಲಿ ವೈರಸ್ ತಲೆ ಎತ್ತೋಕೇ ಆಗಲ್ಲ ಅಂತಿದೀನಲ್ಲಮ್ಮ” ಅಂದಳು ಮೇಡಂ.

ಅತ್ತಿಗೆ ಎದ್ದು ಹೋಗಿ ಪಾಪುವನ್ನು ತಂದು ಮೈದುನನ ತೊಡೆಯ ಮೇಲೆ ಕೂರಿಸಿದಳು. ಮೇಷ್ಟ್ರು ಮಗುವನ್ನು ಹಿಡಿದುಕೊಂಡ ರೀತಿ ನೋಡಬೇಕಿತ್ತು, ಎಲ್ಲಿ ಒಡೆದುಹೋಗುತ್ತದೋ ಎಂಬಂತೆ. ಅಣ್ಣ ಮುಖ ಆಚೆ ತಿರುಗಿಸಿ ಮೂಗು ಒರೆಸಿಕೊಂಡ. ಮನೆಗೆ ಮರಳುವ ದಾರಿಯುದ್ದಕ್ಕೂ ಮೇಡಂಗೆ ಹೊಟ್ಟೆಯಲ್ಲಿ ಹಾಲು ಹೊಯ್ದಷ್ಟು ತಂಪಾಗಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಮೇಷ್ಟ್ರ ಹೊಸ ರಕ್ತ ಬಂತು. ಮೇಡಂ ಪ್ಲೇಟು ಹಾಕಿದಳು. ಯಂತ್ರ ಓದಿ ಮುಗಿಸಿದಾಗ ಪರದೆಯ ಮೇಲೆ ಕತ್ತಲೆಂಬುದೇ ಇರಲಿಲ್ಲ. ಮೇಲಿನ ಸಾಲಿನಿಂದ ಕೊನೆಯ ಸಾಲಿನವರೆಗೂ ಎಲ್ಲ ಗುಳಿಗಳೂ ಬೆಳಗುತ್ತಿದ್ದವು. ಏನೋ ಕೈತಪ್ಪಾಗಿರಬೇಕು ಅಂತ ಮತ್ತೆ ಹಾಕಿದಳು. ಮತ್ತೆ ಬೆಳಕು. ಕೆಳಗೆ ಕ್ಲಿನಿಕ್ಕಿಗೆ ಫೋನ್ ಮಾಡಿದರೆ ನರ್ಸು ಹೇಳಿದಳು: ಅವರ ವೈರಸ್ ಎಣಿಕೆ ವಿಪರೀತ ಏರಿದೆ, ಕರೆದರೆ ಫೋನ್ ಎತ್ತುತ್ತಿಲ್ಲ.

ಈಗ ಬರುವುದು ಹೇಳಲಿಕ್ಕೂ ನಾಚಿಕೆಯ ಸಂಗತಿ. ಆ ಮಾತು ಕೇಳಿ ಮೇಡಂಗೆ ಮೊದಲು ಆದದ್ದು ಖುಷಿ. ಓಹೋ, ವೈರಸ್ಸು ಮುಳ್ಳಿನ ಯಾವುದೋ ಭಾಗ ಬದಲಾಯಿಸಿಕೊಂಡು ಪ್ರತಿಕಾಯದಿಂದ ತಪ್ಪಿಸಿಕೊಂಡಿದೆ! ಎಲ್ಲಿ ಬದಲಾಯಿಸಿಕೊಂಡಿದೆ ಅಂತ ನೋಡಿದರೆ ಆ ಗುಟ್ಟಿನ ಜಾಗ ತಾನಾಗಿಯೇ ಸಿಕ್ಕಿತು! ಒಬ್ಬ ಮನುಷ್ಯನ ಮೈಯಲ್ಲಿ ಕಾಯಿಲೆ ಏರುತ್ತಿದೆ ಅಂದಾಗ ಅವಳು ಮನಸ್ಸಿನಲ್ಲೇ ಮುಂದಿನ ಭಾಷಣದ ಚಿತ್ರ ಬಿಡಿಸುತ್ತಿದ್ದಳು. ಥೂ.

ಪುಣ್ಯಕ್ಕೆ ಬುದ್ಧಿ ಪೂರ್ತಿ ಮಣ್ಣುಪಾಲಾಗಿರಲಿಲ್ಲ. ಕುರ್ಚಿಯಲ್ಲಿ ಒರಗಿ ಕೂತವಳು ತಟ್ಟನೆ ನೆಟ್ಟಗಾದಳು. ಬದಲಾಗಿರಬಹುದಾದದ್ದು ಮೇಷ್ಟ್ರ ಮೈಯೊಳಗಿನ ವೈರಸ್ಸು. ತನ್ನ ಪ್ಲೇಟಿನಲ್ಲಿರುವುದು ತಾನೇ ಹೊಲಿದಿಟ್ಟ ವೈರಸ್ಸು. ಅದು ಬೇಸಿಗೆಯಲ್ಲಿ ಹೇಗಿತ್ತೋ ಈಗಲೂ ಹಾಗೇ ಇದೆ. ಆಗ ಅದನ್ನು ತಡೆದ ರಕ್ತ ಈಗ ಯಾಕೆ ತಡೆಯುತ್ತಿಲ್ಲ? ಪ್ರತಿಕಾಯಗಳು ಒಂದು ಮಳೆಗಾಲದಲ್ಲಿ ಹೀಗೆ ಗುಡಿಸಿ ಹಾಕಿದಂತೆ ಮಾಯವಾಗುವುದಿಲ್ಲ. ಹಾಗಾದರೆ ಆ ರಕ್ತದಲ್ಲಿದ್ದು ಈಗ ಇಲ್ಲವಾದದ್ದು ಪ್ರತಿಕಾಯವಲ್ಲ, ಬೇರೇನೋ.

ದನದ ಕೋಟನ್ನು ಅವಳು ಹೊಸದಾಗಿ ಮಾಡಿದಳು. ಬೇಸಿಗೆಯ ಹಳೆಯ ರಕ್ತವನ್ನು ಫ್ರೀಜರಿನಿಂದ ತೆಗೆದು ಅದರ ಜೊತೆ ಹಾಕಿದಳು. ಕತ್ತಲು. ಎಚ್‌ಐವಿಯ ಮುಳ್ಳಿನ ಗಂಧಗಾಳಿಯೂ ಇಲ್ಲದ ವೈರಸ್ಸನ್ನೂ ಆ ರಕ್ತ ಮುಲಾಜಿಲ್ಲದೆ ನಿಲ್ಲಿಸಿತ್ತು. ಅಂದರೆ ಅದು ಬಾಗಿಲಲ್ಲಿ ತಡೆದದ್ದಲ್ಲ; ವೈರಸ್ಸು ಕೋಶದೊಳಗೆ ಹೋದ ಮೇಲೆ, ಕೋಟಿನೊಳಗಿದ್ದ ಎಚ್‌ಐವಿಯ ಕತ್ತು ಹಿಸುಕಿದ್ದು. ಹಾಗೆ ಮಾಡುವುದು ಮಾತ್ರೆ. ದಿನಾ ನುಂಗುವ, ಎಲ್ಲ ಚಿಕಿತ್ಸಾ ಕೇಂದ್ರಗಳಲ್ಲೂ ಸಿಗುವ ಎಚ್‌ಐವಿ ಮಾತ್ರೆ.

ಪರದೆ ನೋಡಿದ ದೊಡ್ಡ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಬೇಸಿಗೇಲಿ ಕಾವಲು ಸಾಲು ಹಾಕಿರ್ಲಿಲ್ವಾ?” ಅಂತ ಮಾತ್ರ ಕೇಳಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಭೂಮಿ ಬಾಯಿಬಿಡಬಾರದೇ ಅನಿಸಿತು ಮೇಡಂಗೆ. ಆದರೆ ಅದಕ್ಕಿಂತ ದೊಡ್ಡ ಭಯ ಬೇರೆಯಿತ್ತು. ಮೇಷ್ಟ್ರು ಮಾತ್ರೆ ತೆಗೆದುಕೊಳ್ಳುತ್ತಿದ್ದ. ಈಗ ತೆಗೆದುಕೊಳ್ಳುತ್ತಿಲ್ಲ. ಯಾಕೆ ಬಿಟ್ಟ ಎಂಬ ಪ್ರಶ್ನೆಗೆ ಉತ್ತರ ತನ್ನ ಬಾಯಿಂದಲೇ ಬಂದದ್ದು ಅಂತ ಅವಳಿಗೆ ಅನುಮಾನ.

ಅವತ್ತೇ ಅವನ ಮನೆಗೆ ಹೋದಳು. ಮೇಷ್ಟ್ರು ಕೆಳಗಿನ ನಡುಮನೆಯಲ್ಲೇ ಮಂಚದ ಮೇಲಿದ್ದ. ಬೇಸಿಗೆಯಿಂದ ಅವನ ಹಾಸಿಗೆ ಕೆಳಗಿಳಿದಿತ್ತು. ಕೆನ್ನೆ ಒಳಗೆ ಹೋಗಿತ್ತು, ಮೈ ಕೆಂಡದಂತೆ ಸುಡುತ್ತಿತ್ತು, ತುಟಿಯ ಮೂಲೆಯಲ್ಲಿ ಹುಣ್ಣು. ಅಷ್ಟರಲ್ಲೂ ಪಾಪು ಅವನ ಎದೆಯ ಮೇಲೆ ಕೂತು ಗುಂಡಿ ಕೀಳುತ್ತಿತ್ತು.

“ಬನ್ನಿ ಬನ್ನಿ! ಅತ್ತಿಗೇ, ಮೇಡಂ ಬಂದ್ರು, ಚಹಾ!” ಅಂತ ಮೇಷ್ಟ್ರು ಏಳಹೋಗಿ ಕೆಮ್ಮಿದ.

ಅತ್ತಿಗೆ ಪಾಪುವನ್ನೆತ್ತಿಕೊಂಡು ಅಡುಗೆಮನೆಗೆ ಹೋಗುವವರೆಗೂ ಕಾದು, ಮೇಡಂ ದನಿ ತಗ್ಗಿಸಿ ಕೇಳಿದಳು. “ನಿಜ ಹೇಳಿ. ನೀವು ಮಾತ್ರೆ ತಗೋತಿದ್ರಿ ಅಲ್ವಾ?”

ಮೇಷ್ಟ್ರು ಸೂರು ನೋಡಿದ. ಆಮೇಲೆ ಪೆಚ್ಚು ಪೆಚ್ಚಾಗಿ ನಕ್ಕ.

“ಸಿಕ್ಕಿಬಿದ್ದೆ. ಬೇರೆ ಊರಿಗೆ ಹೋಗಿ ತರ್ತಿದ್ದೆ ಮೇಡಂ. ಕಾರಿನ ಸೀಟಿನಡೀಲಿ ಇಡ್ತಿದ್ದೆ. ನಿಮ್ಮ ಕ್ಲಿನಿಕ್ಕಲ್ಲಿ ಮೊದಲ್ನೇ ದಿನ ನರ್ಸಮ್ಮ ಜೋರಾಗಿ, ಮಾತ್ರೆ ತಗೋತಿದೀರಾ ಅಂತ ಕೇಳಿದ್ಲು. ಹಿಂದೆ ನೋಡಿದ್ರೆ ನನ್ನ ಹತ್ರ ಡ್ರೈವಿಂಗ್ ಕಲ್ತೋನೊಬ್ಬ ನಿಂತಿದಾನೆ, ಅವ್ನೇನೋ ಜ್ವರಕ್ಕೆ ಬಂದಿದ್ದ. ಇಲ್ಲ ಅಂದ್ಬಿಟ್ಟೆ. ಆಮೇಲೆ ನೀವೆಲ್ಲ, ಆಹಾ, ಮಾತ್ರೆ ಇಲ್ದೆ ಎಷ್ಟು ಚೆನ್ನಾಗಿದಾರೆ ಅಂತ ಶುರು ಮಾಡಿದ್ರಿ. ಹೆಂಗೆ ಹೇಳೋದು? ನಾಚ್ಕೆ ಆಯ್ತು.”

“ಮತ್ತೆ ಬಿಟ್ಟಿದ್ಯಾಕೆ?”

“ಇದೇನು ಮೇಡಂ ಹಿಂಗೆ ಕೇಳ್ತೀರಿ?” ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ನೀವೇ ಹೇಳಿದ್ರಲ್ಲ. ನನ್ನ ರಕ್ತಾನೇ ಚಿನ್ನ ಅಂದ್ಮೇಲೆ ಕದ್ದು ಮುಚ್ಚಿ ಮಾತ್ರೆ ಯಾಕೆ? ಅವತ್ತು ನೀವು ಈ ಮನೆಯಿಂದ ಹೋದ ಸಂಜೇನೇ ಬಿಟ್ಟೆ. ಈ ಜ್ವರ ಏನಿಲ್ಲ, ಹವಾ ಬದಲಾಗಿದೆ ನೋಡಿ, ಅದಕ್ಕೆ.”

ಮೇಡಂ ತಲೆ ತಗ್ಗಿಸಿಯೇ ಹೇಳಿದಳು. ಚಿನ್ನ ಗಿನ್ನ ಏನೂ ಇರಲಿಲ್ಲ. ಗುಳಿಗಳನ್ನು ಕತ್ತಲು ಮಾಡಿದ್ದು ಅವನು ನುಂಗಿದ ಮಾತ್ರೆ. ತಾನು ಹಾಕಲೇಬೇಕಿದ್ದ ಒಂದು ಸಾಲನ್ನು ಹಾಕಲಿಲ್ಲ. ಹಾಕಿದ್ದರೆ ಬೇಸಿಗೆಯಲ್ಲೇ ತಿಳಿಯುತ್ತಿತ್ತು. ಈಗ ವೈರಸ್ಸು ಏರಿದೆ, ಇವತ್ತೇ ಆಸ್ಪತ್ರೆಗೆ ಹೋಗಬೇಕು, ಮಾತ್ರೆ ಮತ್ತೆ ಶುರು ಮಾಡಿದರೆ ಸರಿಹೋಗುತ್ತದೆ.

ಮೇಷ್ಟ್ರು ಬೈಯಲಿ, ಉಗಿಯಲಿ ಅಂತ ಅವಳು ಕಾದಳು. ಅವನು ಕೇಳಿದ್ದೇ ಬೇರೆ.

“ಅಂದ್ರೆ ನಂದು ಎಲ್ರ ಥರದ್ದೇ ರಕ್ತ.”

“ಹೌದು.”

“ಅತ್ತಿಗೆಗೆ ಹೇಳ್ಬೇಡಿ ಮೇಡಂ” ಅಂದ, ಅವಳ ಮಣಿಕಟ್ಟು ಹಿಡಿದುಕೊಂಡು. “ಪಾಪುನ ಕಿತ್ಕೊಂಡ್ಬಿಡ್ತಾರೆ. ಹವಾ ಬದಲಾಗಿದ್ದು ಅಂತಲೇ ಇರ್ಲಿ. ಸಾಯೋದಾದ್ರೆ ಸಾಯ್ತೀನಿ. ಮತ್ತೆ ಮೇಲಿನ ಕೋಣೆಗೆ ಮಾತ್ರ ಹೋಗಲ್ಲ.”

ಹೂಂ ಅಂದುಬಿಡುವುದು ಸುಲಭವಿತ್ತು. ಅವನ ಮಾನವೂ ಉಳಿಯುತ್ತಿತ್ತು, ಅವಳದ್ದೂ ಉಳಿಯುತ್ತಿತ್ತು. ಒಂದು ಗಳಿಗೆ ಅವಳ ಮನಸ್ಸು ಆ ಕಡೆ ವಾಲಿದ್ದೂ ನಿಜ. ಅಷ್ಟರಲ್ಲಿ ಚಹಾದ ತಟ್ಟೆ ಹಿಡಿದ ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು, ಪಾಪು ಸೊಂಟದ ಮೇಲಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

“ಏನು ಹೇಳ್ಬೇಡಿ ಅಂತಿದಾರೆ?” ಅಂದಳು ಅತ್ತಿಗೆ.

ಮೇಷ್ಟ್ರು ಕಣ್ಣು ಮುಚ್ಚಿಕೊಂಡ. ಮೇಡಂ ಎದ್ದು ನಿಂತು ಎಲ್ಲವನ್ನೂ ಇನ್ನೊಮ್ಮೆ ಹೇಳಿದಳು. ಕೇಳುತ್ತ ಕೇಳುತ್ತ ಅತ್ತಿಗೆಯ ಮುಖ ಬಿಳಿಚಿತು. ಅವಳ ಕೈ ತನಗೆ ತಿಳಿಯದಂತೆಯೇ ಮಗುವನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಿತು.

“ಅಂದ್ರೆ ಆ ರಕ್ತದಲ್ಲಿ ಏನೂ ಇಲ್ಲ. ಇಷ್ಟು ದಿನ ನಾನು ಪಾಪುನ... ಅಯ್ಯೋ ದೇವ್ರೇ, ಅವ್ರ ಪಕ್ಕದಲ್ಲೇ ಮಲಗಿಸ್ತಿದ್ನಲ್ಲ!”

“ಪಾಪುಗೆ ಏನೂ ಆಗಿಲ್ಲ. ಆಗೋದೂ ಇಲ್ಲ” ಅಂದಳು ಮೇಡಂ. “ಎತ್ಕೊಂಡ್ರೆ, ಮುದ್ದಾಡಿದ್ರೆ, ಪಕ್ಕದಲ್ಲಿ ಮಲಗಿದ್ರೆ ಈ ಕಾಯಿಲೆ ಬರಲ್ಲಮ್ಮ. ಒಂದೇ ತಟ್ಟೇಲಿ ಉಂಡ್ರೂ ಬರಲ್ಲ, ಎಂಜಲು ಲೋಟದಲ್ಲಿ ಕುಡಿದ್ರೂ ಬರಲ್ಲ. ರಕ್ತ ಚಿನ್ನದ್ದಾಗಿರ್ಲಿ, ಕಬ್ಬಿಣದ್ದಾಗಿರ್ಲಿ.”

“ಇದು ಈಗ ಗೊತ್ತಾಗಿದ್ದಾ?”

“ಇಲ್ಲ. ಮೊದ್ಲಿಂದ್ಲೂ ಗೊತ್ತಿರೋದೇ.”

ಅತ್ತಿಗೆ ಚಹಾದ ತಟ್ಟೆಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟಳು. ಮೈದುನನ ಕಡೆ ನೋಡಲಾರದೆ ಗೋಡೆಯ ಕಡೆ ನೋಡುತ್ತಾ ಹೇಳಿದಳು. “ವರ್ಷಗಟ್ಲೆ ಇವ್ರಿಗೆ ನಾಯಿಗಿಟ್ಟಂಗೆ ಊಟ ಇಟ್ಟೆ ನಾನು. ನಮ್ಮ ಮದುವೇಲಿ ಇವ್ರಿಗಿನ್ನೂ ಮೀಸೆ ಬಂದಿರ್ಲಿಲ್ಲ. ಅತ್ತಿಗೇ ಅತ್ತಿಗೇ ಅಂತ ಹಿಂದೆ ಮುಂದೆ ಸುತ್ತೋರು.” ಆಮೇಲೆ ತಟ್ಟನೆ ಮೇಡಂ ಕಡೆ ತಿರುಗಿದಳು. “ಅವತ್ತು ಇದೇ ಕುರ್ಚಿ ಮೇಲೆ ಕೂತಿದ್ರಲ್ಲ ನೀವು. ಪಾಪುನ ಎತ್ಕೋಬಹುದಾ ಅಂತ ಬಾಯಿ ಬಿಟ್ಟು ಕೇಳಿದ್ನಲ್ಲ ನಾನು. ಈ ಒಂದು ಮಾತು ಅವತ್ತು ಯಾಕೆ ಹೇಳ್ಲಿಲ್ಲ?”

ಮೇಡಂ ಬಳಿ ನೆಪಗಳೇನೂ ಕಡಿಮೆ ಇರಲಿಲ್ಲ. ಮರೆತೆ ಅನ್ನಬಹುದಿತ್ತು. ನಿಮಗೆ ಗೊತ್ತಿರುತ್ತೆ ಅಂದುಕೊಂಡೆ ಅನ್ನಬಹುದಿತ್ತು. ಆದರೆ ಅವೆಲ್ಲ ಬಾಯಿಗೆ ಬರುವ ಮೊದಲೇ ನಿಜವೇ ಬಂದುಬಿಟ್ಟಿತು.

“ಅದು ಯಾರು ಬೇಕಾದ್ರೂ ಹೇಳಬಹುದಾದ ಮಾತು. ಅದನ್ನ ಹೇಳಿದ್ರೆ ನಾನೇನು ಕಂಡುಹಿಡಿದಂಗಾಗ್ತಿತ್ತು? ನಾನು ಬಂದಿದ್ದು ನನ್ನ ದೊಡ್ಡಸ್ತಿಕೆ ಹೇಳ್ಕೊಳ್ಳೋಕೆ.”

ಮೇಷ್ಟ್ರು ಮಂಚದಿಂದ, “ಬಿಡಿ ಅತ್ತಿಗೆ. ಸುಳ್ಳು ಹೇಳಿದ್ದು ನಾನೂ ಹೌದಲ್ಲ” ಅಂದ. ಅವನು ತನ್ನ ಪರ ಮಾತಾಡಿದ್ದೇ ಮೇಡಂಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಅವಳು ಚೀಲ ಎತ್ತಿಕೊಂಡು, “ನಡೀರಿ, ಆಸ್ಪತ್ರೆಗೆ ನಾನೇ ಕರ್ಕೊಂಡ್ಹೋಗ್ತೀನಿ. ಅಲ್ಲಿ ಡಾಕ್ಟ್ರ ಮುಂದೆ ನಾನೇ ಎಲ್ಲ ಹೇಳ್ತೀನಿ” ಅಂದಳು.

ಅತ್ತಿಗೆ ಮಗುವನ್ನು ಮೈದುನನ ಎದೆಗೆ ಒರಗಿಸಿ ಕೊಟ್ಟು, ಒಳಗೆ ಹೋಗಿ ಒದ್ದೆ ಬಟ್ಟೆ ತಂದು ಅವನ ಮುಖ ಕತ್ತು ಒರೆಸಿದಳು. ತುಟಿಯ ಹುಣ್ಣನ್ನೂ ಮೆಲ್ಲಗೆ ಒರೆಸಿದಳು. ಅವನು ಬೇಡ ಬೇಡ ಅಂತ ಮುಖ ತಿರುಗಿಸಿದರೆ ಗದ್ದ ಹಿಡಿದು ಈ ಕಡೆ ತಿರುಗಿಸಿಕೊಂಡಳು. ಚಪ್ಪಲಿ ತಂದು ಅವನ ಕಾಲ ಬಳಿ ಇಟ್ಟು, ಪಾಪುವನ್ನು ಮತ್ತೆ ಸೊಂಟಕ್ಕೇರಿಸಿಕೊಂಡು, ಭುಜಕ್ಕೆ ಕೈಕೊಟ್ಟು ಅವನನ್ನು ಎಬ್ಬಿಸಿದಳು. ಬಾಗಿಲ ಹತ್ತಿರ ಬಂದಾಗ ಮೇಡಂ ಇನ್ನೊಂದು ತೋಳು ಹಿಡಿಯಲು ಕೈ ಚಾಚಿದಳು.

“ನೀವು ಬೇಡ” ಅಂದಳು ಅತ್ತಿಗೆ. “ನಮ್ಮನೆಯವ್ರನ್ನ ನಾವು ನೋಡ್ಕೋತೀವಿ.”

ಮೂವರೂ ಮೆಲ್ಲಗೆ ಬೀದಿಗಿಳಿದರು. ಮೇಡಂ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಹೊಸ್ತಿಲ ಒಳಗೇ ನಿಂತಿದ್ದಳು.